ಹಾಲಿನ ಬದಲು ಸುಣ್ಣ ಕೊಡಬಹುದೇ? 10-13ರ ಮಕ್ಕಳ ಕ್ಯಾಲ್ಸಿಯಂ ಮತ್ತು ಅಪ್ಪ-ಅಮ್ಮನ ತಟ್ಟೆ

ಒಂದು ಸಂದೇಶ ನಮ್ಮ ವಾಟ್ಸಾಪ್ ಸಂಖ್ಯೆಗೆ ಮತ್ತೆ ಮತ್ತೆ ಬರುತ್ತಿದೆ. ಎಲೆಅಡಿಕೆಗೆ ಹಾಕುವ ಸುಣ್ಣವನ್ನು ಗೋಧಿ ಕಾಳಿನಷ್ಟು ತೆಗೆದುಕೊಂಡು, ಮೊಸರಲ್ಲಿ ಕಲಸಿ, ಬೆಳೆಯುವ ಮಕ್ಕಳಿಗೆ ದಿನಾ ಕೊಟ್ಟರೆ ಮೂಳೆ ಗಟ್ಟಿಯಾಗಿ ಮಕ್ಕಳು ಎತ್ತರಕ್ಕೆ ಬೆಳೆಯುತ್ತಾರೆ, ಹಾಲಿನ ಖರ್ಚೇ ಬೇಡ ಎನ್ನುವುದು ಅದರ ಸಾರ. ಕೊನೆಗೆ ಎಂದಿನಂತೆ, ಹತ್ತು ಜನಕ್ಕೆ ಕಳಿಸಿ ಎಂಬ ಸೂಚನೆ.

ಸಾಮಾನ್ಯವಾಗಿ ಇಂಥ ಸಂದೇಶದ ಜೊತೆ "ಇದು ನಿಜವಾ?" ಎಂಬ ಒಂದೇ ಸಾಲು ಇರುತ್ತದೆ. ಈ ಬಾರಿ ಓದುಗರೊಬ್ಬರು ಇನ್ನೂ ಸ್ವಲ್ಪ ಬರೆದಿದ್ದರು. "ನನ್ನ ಮಗಳಿಗೆ 12 ವರ್ಷ. ಐದನೇ ಕ್ಲಾಸಿನ ತನಕ ಎರಡು ಹೊತ್ತು ಹಾಲು ಕುಡೀತಿದ್ಳು. ಈಗ ಲೋಟ ನೋಡಿದ್ರೇ ಮುಖ ತಿರುಗಿಸ್ತಾಳೆ. ಬೈದೂ ನೋಡಿದೆ, ಮೊಬೈಲ್ ಕೊಡ್ತೀನಿ ಅಂತ ಆಸೆ ತೋರಿಸಿಯೂ ನೋಡಿದೆ. ಸುಣ್ಣ ಶುರು ಮಾಡ್ಲಾ ಮೇಡಂ?"

ಚಿಕ್ಕ ಉತ್ತರ: ಬೇಡ. ಆದರೆ ಆ ತಾಯಿಯ ನಿಜವಾದ ಪ್ರಶ್ನೆ ಸುಣ್ಣದ್ದಲ್ಲ. ಮಾತು ಕೇಳದ ವಯಸ್ಸಿಗೆ ಬಂದ ಮಗುವಿನ ಹೊಟ್ಟೆಗೆ ಬೇಕಾದ್ದನ್ನು ಸೇರಿಸುವುದು ಹೇಗೆ ಎನ್ನುವುದು ಅವರ ಚಿಂತೆ. ಈ ವಿಷಯದಲ್ಲಿ ಸಾಕಷ್ಟು ಅಧ್ಯಯನಗಳು ನಡೆದಿವೆ. ಹಾಗಾಗಿ ಸುಣ್ಣದ ಕಥೆ ಮುಗಿಸಿ ಅಲ್ಲಿಗೇ ಹೋಗೋಣ.

ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜವೇ?

ನಿಜ. ನೀರು ಹಾಕಿದ ಸುಣ್ಣ ಎಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕ್ಯಾಲ್ಸಿಯಮ್ಮೇ. ಮೆಕ್ಸಿಕೋದಲ್ಲಿ ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ತೊಳೆದು, ರುಬ್ಬಿ ರೊಟ್ಟಿ ತಟ್ಟುವ ಪದ್ಧತಿ ಸಾವಿರಾರು ವರ್ಷಗಳಿಂದ ಇದೆ. ಅಲ್ಲಿನವರಿಗೆ ಆ ರೊಟ್ಟಿಯಿಂದ ಕ್ಯಾಲ್ಸಿಯಂ ಸಿಗುತ್ತದೆ. ಅಂದರೆ ಸುಣ್ಣ ಮತ್ತು ಊಟದ ಸಂಬಂಧ ಯಾರೋ ಹುಟ್ಟಿಸಿದ ಕಥೆಯಲ್ಲ. ಫಾರ್ವರ್ಡ್‌ಗಳು ನಂಬಿಕೆ ಹುಟ್ಟಿಸುವುದೇ ಹೀಗೆ, ಒಂದು ಚೂರು ನಿಜವನ್ನು ಮುಂದಿಟ್ಟು.

ಈಗ ಲೆಕ್ಕ ಹಾಕಿ. ಗೋಧಿ ಕಾಳಿನ ಗಾತ್ರದ ಒದ್ದೆ ಸುಣ್ಣದಲ್ಲಿ ನೀರೂ ಇರುತ್ತದೆ. ಎಷ್ಟೇ ಉದಾರವಾಗಿ ಲೆಕ್ಕ ಹಾಕಿದರೂ ಅದರ ಕ್ಯಾಲ್ಸಿಯಂ 30 ಮಿಲಿಗ್ರಾಂ ದಾಟುವುದು ಕಷ್ಟ. ಅದನ್ನು ಕಲಸಲು ಹೇಳಿದ ಒಂದು ಬಟ್ಟಲು ಮೊಸರಲ್ಲಿ? 100 ಗ್ರಾಂ ಮೊಸರಿಗೆ 120 ಮಿಲಿಗ್ರಾಮಿನ ಆಸುಪಾಸು. ಸಂದೇಶ ಹೇಳುವ ಲಾಭದಲ್ಲಿ ಐದರಲ್ಲಿ ನಾಲ್ಕು ಪಾಲು ಮೊಸರಿನದೇ! ಸುಣ್ಣ ಬಿಟ್ಟು ಎರಡು ಚಮಚ ಮೊಸರು ಹೆಚ್ಚಿಗೆ ಹಾಕಿದರೂ ಲೆಕ್ಕ ಸರಿಹೋಗುತ್ತದೆ.

ಅಪಾಯ ಇರುವುದು ಪ್ರಮಾಣದಲ್ಲಿ. ಸುಣ್ಣ ಬಲವಾದ ಕ್ಷಾರ. ಕಾಳಿನಷ್ಟು ಎಂದು ಕೇಳಿದ ಕೈ ಚಮಚದಷ್ಟು ಹಾಕಿದರೆ, ಅಥವಾ ಮಗುವೇ ಡಬ್ಬಿಗೆ ಬೆರಳು ಅದ್ದಿ ನೆಕ್ಕಿದರೆ, ಬಾಯಿ ಮತ್ತು ಅನ್ನನಾಳ ಸುಡಬಹುದು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸುಣ್ಣದ ಪೊಟ್ಟಣವನ್ನು ಒತ್ತಿದಾಗ ಅದು ಸಿಡಿದು ಮಕ್ಕಳ ಕಣ್ಣಿಗೆ ಶಾಶ್ವತ ಹಾನಿಯಾದ ಪ್ರಕರಣಗಳನ್ನು ಭಾರತದ ನೇತ್ರತಜ್ಞರು ದಾಖಲಿಸಿದ್ದಾರೆ. ಮಕ್ಕಳಿರುವ ಮನೆಯಲ್ಲಿ ಸುಣ್ಣ ಕೈಗೆ ಸಿಗದ ಕಡೆ ಇರಬೇಕಾದ ವಸ್ತು. ಅಜ್ಜಿಯ ಎಲೆಡಬ್ಬಿ ಇದ್ದರೆ ಅದನ್ನೂ ಒಮ್ಮೆ ನೋಡಿ.

ಈ ವಯಸ್ಸಿಗೇ ಯಾಕೆ ಇಷ್ಟು ಗಮನ?

ದೇಹದ ಕ್ಯಾಲ್ಸಿಯಮ್ಮಿನಲ್ಲಿ ಸುಮಾರು 99% ಇರುವುದು ಮೂಳೆ ಮತ್ತು ಹಲ್ಲಿನಲ್ಲಿ. ಈ ಸಂಗ್ರಹ ಜೀವನಪೂರ್ತಿ ಒಂದೇ ವೇಗದಲ್ಲಿ ತುಂಬುವುದಿಲ್ಲ. ಕೆನಡಾದ ಸಾಸ್ಕಾಚೆವಾನ್‌ನಲ್ಲಿ 1991ರಲ್ಲಿ ಶುರುವಾದ ಅಧ್ಯಯನವೊಂದು ಅದೇ ಮಕ್ಕಳ ಮೂಳೆಯನ್ನು ವರ್ಷವರ್ಷವೂ ಅಳೆಯುತ್ತಾ ಹೋಯಿತು. ಅಲ್ಲಿ ಕಂಡದ್ದು: ಮೂಳೆಗೆ ಖನಿಜ ಅತಿ ವೇಗವಾಗಿ ಸೇರುವ ಸಮಯ ಹೆಣ್ಣುಮಕ್ಕಳಲ್ಲಿ ಸರಾಸರಿ ಹನ್ನೆರಡೂವರೆ ವರ್ಷದ ಹೊತ್ತಿಗೆ, ಗಂಡುಮಕ್ಕಳಲ್ಲಿ 14ರ ಹೊತ್ತಿಗೆ ಬರುತ್ತದೆ. ಆ ಸಮಯದ ಸುತ್ತಲಿನ ಎರಡೇ ವರ್ಷದಲ್ಲಿ, ದೊಡ್ಡವರಾದಾಗ ಇರಬೇಕಾದ ಮೂಳೆ ಖನಿಜದ ಸುಮಾರು ಕಾಲು ಭಾಗ ಸೇರಿಬಿಡುತ್ತದೆ.

ಅಂದರೆ ನಮ್ಮ ಓದುಗರ ಮಗಳು ಈಗ ಇರುವ ವಯಸ್ಸು. ಮತ್ತು ಬಹುತೇಕ ಮನೆಗಳಲ್ಲಿ ಹಾಲಿನ ಲೋಟ ಪಕ್ಕಕ್ಕೆ ಸರಿಯುವ ವಯಸ್ಸೂ ಇದೇ.

ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ 10ರಿಂದ 12 ವರ್ಷದವರಿಗೆ ದಿನಕ್ಕೆ 850 ಮಿಲಿಗ್ರಾಂ, 13ರಿಂದ 15 ವರ್ಷದವರಿಗೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಿಂದಿನ 2010ರ ಪಟ್ಟಿಯಲ್ಲಿ ಹದಿಹರೆಯದವರಿಗೆಲ್ಲ 800 ಎಂದಿತ್ತು. ಹಳೆಯ ಸಂಖ್ಯೆ ಇರುವ ಚಾರ್ಟ್‌ಗಳು ಇನ್ನೂ ಓಡಾಡುತ್ತಿವೆ, ಗೊಂದಲವಾದರೆ ಕಾರಣ ಅದು.

ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ-ಸಾರು, ಸಂಜೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಇಂಥ ದಿನದಲ್ಲಿ ಹಾಲು-ಮೊಸರೂ ಇಲ್ಲ, ಸೊಪ್ಪೂ ಇಲ್ಲ ಎಂದರೆ ಮಗುವಿಗೆ ಸಿಗುವ ಕ್ಯಾಲ್ಸಿಯಂ 300 ಮಿಲಿಗ್ರಾಂ ಮುಟ್ಟುವುದೂ ಅನುಮಾನ. ಅಕ್ಕಿಯಲ್ಲಿ 100 ಗ್ರಾಮಿಗೆ 10 ಮಿಲಿಗ್ರಾಂ ಕೂಡ ಇಲ್ಲ. ದಿನಕ್ಕೆ 300ಕ್ಕಿಂತ ಕೆಳಗಿಳಿದರೆ ಮೂಳೆ ಮೆತ್ತಗಾಗಿ ಬಾಗುವ ರಿಕೆಟ್ಸ್ ಕಾಯಿಲೆಯ ಅಪಾಯ ಹೆಚ್ಚುತ್ತದೆ, ವಿಟಮಿನ್ ಡಿ ಸರಿಯಿದ್ದರೂ ಸಹ, ಎಂದು 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿ ಹೇಳುತ್ತದೆ.

ಹೇಳಿದ್ದಕ್ಕಿಂತ ಮಾಡಿದ್ದನ್ನು ಮಕ್ಕಳು ನೋಡುತ್ತಾರೆ

ಈಗ ಮುಖ್ಯ ವಿಷಯ. "ನಮ್ಮ ಮಾತು ಎಲ್ಲಿ ಕೇಳ್ತಾರೆ, ಎಲ್ಲಾ ಫ್ರೆಂಡ್ಸು, ಯೂಟ್ಯೂಬು" ಎನ್ನುವ ಪೋಷಕರು ಹೆಚ್ಚು. ಆದರೆ ಅಧ್ಯಯನಗಳು ಹೇಳುವುದು ಸ್ವಲ್ಪ ಬೇರೆ.

ಅಮೆರಿಕದ ಮಿನ್ನೆಸೋಟದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು ಒಳಗೊಂಡ 'ಪ್ರಾಜೆಕ್ಟ್ ಈಟ್' ಎಂಬ ಅಧ್ಯಯನ ನಡೆಯಿತು. ಅದರಿಂದ 2006ರಲ್ಲಿ ಬಂದ ವರದಿಯೊಂದು, ಯಾವ ಮಕ್ಕಳು ಹೆಚ್ಚು ಕ್ಯಾಲ್ಸಿಯಂ ತಿನ್ನುತ್ತಾರೆ ಎಂದು ನೋಡಿತು. ಹಾಲಿನ ರುಚಿ ಇಷ್ಟವಾಗುವುದು, ಬೆಳಗಿನ ತಿಂಡಿ ತಪ್ಪಿಸದಿರುವುದು, ಇವುಗಳ ಜೊತೆಗೆ ಎದ್ದು ಕಂಡದ್ದು ಮನೆಯಲ್ಲಿ ಊಟದ ಹೊತ್ತಿಗೆ ಹಾಲನ್ನು ಮೇಜಿನ ಮೇಲೆ ಇಡುತ್ತಾರೋ ಇಲ್ಲವೋ ಎನ್ನುವುದು. ಇಲ್ಲಿ ಗಮನಿಸಿ, 'ಮನೆಯಲ್ಲಿ ಹಾಲಿದೆಯೇ' ಎಂಬುದಷ್ಟೇ ಅಲ್ಲ, 'ಊಟಕ್ಕೆ ಬಡಿಸುತ್ತಾರಾ' ಎಂಬುದು. ಫ್ರಿಜ್ಜಿನ ಒಳಗೆ, ಪಾತ್ರೆಯ ಮುಚ್ಚಳದ ಕೆಳಗೆ ಇರುವ ಮೊಸರು ಹನ್ನೆರಡು ವರ್ಷದ ಹುಡುಗನ ಪಾಲಿಗೆ ಇಲ್ಲದ ಹಾಗೆಯೇ. ಅಡುಗೆಮನೆ ಕಟ್ಟೆಯ ಮೇಲಿರುವ ಚಿಪ್ಸ್ ಪೊಟ್ಟಣ ಮಾತ್ರ ಕಾಣುತ್ತದೆ.

ಇನ್ನೊಂದು ಅಧ್ಯಯನ ನಮಗೆ ಇನ್ನೂ ಹೆಚ್ಚು ಯೋಚನೆಗೆ ಹಚ್ಚಿತು. ಪೆನ್ಸಿಲ್ವೇನಿಯಾದಲ್ಲಿ ಲಿಯನ್ ಬರ್ಚ್, ಜೆನಿಫರ್ ಫಿಷರ್ ಮತ್ತು ಅವರ ಜೊತೆಗಾರರು ತಾಯಿ-ಮಗಳ ಜೋಡಿಗಳನ್ನು ಹಲವು ವರ್ಷ ಹಿಂಬಾಲಿಸಿದರು. ಹುಡುಗಿಯರಿಗೆ ಶುರುವಲ್ಲಿ 5 ವರ್ಷ. ಹೆಚ್ಚು ಸಲ ಹಾಲು ಕುಡಿಯುವ ತಾಯಂದಿರ ಹೆಣ್ಣುಮಕ್ಕಳು ತಾವೂ ಹೆಚ್ಚು ಹಾಲು ಕುಡಿಯುತ್ತಿದ್ದರು, ತಂಪು ಪಾನೀಯ ಕಡಿಮೆ ಕುಡಿಯುತ್ತಿದ್ದರು. 2004ರ ವರದಿಯ ಹೊತ್ತಿಗೆ ಹುಡುಗಿಯರಿಗೆ 9 ವರ್ಷ. ಈ ನಾಲ್ಕು ವರ್ಷ ಕ್ಯಾಲ್ಸಿಯಂ ಗುರಿ ಮುಟ್ಟಿದ್ದವರ ಮೂಳೆಯ ಅಳತೆಯೂ ಉತ್ತಮವಾಗಿತ್ತು. ತಾಯಿಯ ಲೋಟದಲ್ಲಿ ಏನಿದೆ ಎನ್ನುವುದು ಮಗಳ ಮೂಳೆಯ ತನಕ ಹೋಗುತ್ತದೆ.

ಇದನ್ನು ನಮ್ಮ ಮನೆಗಳಿಗೆ ತಂದು ನೋಡಿದರೆ ಕಷ್ಟದ ಪ್ರಶ್ನೆ ಏಳುತ್ತದೆ. ನಮ್ಮಲ್ಲಿ ಎಷ್ಟು ಅಮ್ಮಂದಿರು ಒಂದು ಲೋಟ ಹಾಲು ಕೂತು ಕುಡಿಯುತ್ತಾರೆ? ಮಕ್ಕಳಿಗೆ, ಅತ್ತೆ-ಮಾವನಿಗೆ, ಗಂಡನ ಕಾಫಿಗೆ ಆಗಿ ಮಿಕ್ಕದ್ದು ಹೆಪ್ಪಿಗೆ. ಎಲ್ಲರದ್ದೂ ಆದ ಮೇಲೆ ಊಟಕ್ಕೆ ಕೂತರೆ ಮೊಸರಿನ ಪಾತ್ರೆಯಲ್ಲಿ ತಳದ ಒಂದು ಸೌಟು. ಮಗಳು ಇದನ್ನು ಹನ್ನೆರಡು ವರ್ಷದಿಂದ ನೋಡುತ್ತಿದ್ದಾಳೆ. ಹಾಲು ಚಿಕ್ಕ ಮಕ್ಕಳು ಕುಡಿಯುವಂಥದ್ದು, ದೊಡ್ಡ ಹೆಂಗಸರು ಕುಡಿಯುವುದಿಲ್ಲ ಎಂದು ಅವಳು ಕಲಿತರೆ ತಪ್ಪು ಯಾರದ್ದು? ದೊಡ್ಡವಳಾಗಬೇಕು ಎಂದು ಹಂಬಲಿಸುವ ವಯಸ್ಸು ಅದು. ಅಮ್ಮನಂತೆ ಆಗಲು ಅವಳು ಮೊದಲು ಬಿಡುವುದು ಆ ಲೋಟವನ್ನೇ.

(ತಾಯಿಗೂ ದಿನಕ್ಕೆ 1000 ಮಿಲಿಗ್ರಾಂ ಬೇಕು ಎಂದು ಅದೇ 2020ರ ಪಟ್ಟಿ ಹೇಳುತ್ತದೆ. 'ನನಗೆ ಬೇಡ, ಮಕ್ಕಳಿಗಿರಲಿ' ಎನ್ನುವುದರಿಂದ ಇಬ್ಬರಿಗೂ ನಷ್ಟ.)

ಅಪ್ಪಂದಿರ ಬಗ್ಗೆ ಅಧ್ಯಯನಗಳು ಕಡಿಮೆ. ಹೆಚ್ಚಿನವು ತಾಯಂದಿರನ್ನೇ ಕೇಳಿವೆ, ಅದೂ ಒಂದು ದೋಷವೇ. ನಮ್ಮ ಅನಿಸಿಕೆ ಹೇಳುವುದಾದರೆ, ಅಪ್ಪ ತಟ್ಟೆಯ ಅಂಚಿಗೆ ಸೊಪ್ಪು ಸರಿಸಿ "ಇದೇನು ದಿನಾ ಹುಲ್ಲು" ಎಂದ ಮನೆಯಲ್ಲಿ ಮಗ ಸೊಪ್ಪು ತಿನ್ನಲಿ ಎಂದು ಕಾಯುವುದು ವ್ಯರ್ಥ. ವಾರದ ಸಂತೆ, ದಿನಸಿ ತರುವುದು ಅಪ್ಪನ ಕೆಲಸವಾಗಿದ್ದರೆ ಎರಡು ಲೀಟರ್ ಕೋಲಾ ಬಾಟಲಿ ಮನೆಯೊಳಗೆ ಬರುವುದೋ ಬೇಡವೋ ಎಂದು ತೀರ್ಮಾನಿಸುವವರೂ ಅವರೇ.

ಬೈದು ಕುಡಿಸಿದರೆ, ಲಂಚ ಕೊಟ್ಟು ಕುಡಿಸಿದರೆ?

ಲಿಯನ್ ಬರ್ಚ್ ಅವರ ಇನ್ನೊಂದು ಹಳೆಯ ಪ್ರಯೋಗ 1984ರಲ್ಲಿ ಪ್ರಕಟವಾಯಿತು. ಚಿಕ್ಕ ಮಕ್ಕಳಿಗೆ ಕೆಫೀರ್ ಎಂಬ, ನಮ್ಮ ಮಜ್ಜಿಗೆಯ ನೆಂಟನಂಥ, ಹುದುಗಿಸಿದ ಹಾಲಿನ ಪಾನೀಯದ ರುಚಿ ತೋರಿಸಿದರು. ಕೆಲವು ಮಕ್ಕಳಿಗೆ 'ಇದನ್ನು ಕುಡಿದರೆ ಬಹುಮಾನ' ಎಂದರು. ಇನ್ನು ಕೆಲವರಿಗೆ ಏನೂ ಹೇಳದೆ ಕೊಟ್ಟರು. ಬಹುಮಾನಕ್ಕಾಗಿ ಕುಡಿದ ಮಕ್ಕಳಿಗೆ ಆ ಪಾನೀಯ ಮೊದಲಿಗಿಂತ ಕಡಿಮೆ ಇಷ್ಟವಾಗತೊಡಗಿತು. ಮಗುವಿನ ತರ್ಕ ಸರಳ: ಕುಡಿಯಲು ಲಂಚ ಕೊಡುತ್ತಾರೆಂದರೆ ಇದು ಚೆನ್ನಾಗಿರಲಿಕ್ಕಿಲ್ಲ. 2006ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ ಸೂಪ್ ಮುಗಿಸು ಎಂದು ಒತ್ತಾಯಿಸಿದಾಗ ಮಕ್ಕಳು ಕಡಿಮೆ ಕುಡಿದರು, ಸೂಪಿನ ಬಗ್ಗೆ ಹೆಚ್ಚು ದೂರಿದರು. ಒತ್ತಾಯ ಇಲ್ಲದಾಗ ಹೆಚ್ಚು ಕುಡಿದರು.

ಇವೆರಡೂ ಶಾಲೆಗೆ ಸೇರುವ ಮುಂಚಿನ ಮಕ್ಕಳ ಮೇಲೆ ನಡೆದವು. ಹನ್ನೆರಡರ ಹುಡುಗಿ ಬೇರೆ, ನಿಜ. ಆದರೆ ಒತ್ತಾಯವನ್ನು ಆಕೆ ಹೆಚ್ಚು ಸಹಿಸುತ್ತಾಳೆ ಎಂದು ನಂಬುವ ಪೋಷಕರು ಯಾರಾದರೂ ಇದ್ದಾರೆಯೇ?

ಹಾಗೆಂದು ಸುಮ್ಮನಿದ್ದುಬಿಡಿ ಎಂದಲ್ಲ. ಮೊಬೈಲ್ ಆಸೆ ತೋರಿಸುವುದಕ್ಕೂ, 'ನಮ್ಮನೆಯಲ್ಲಿ ರಾತ್ರಿ ಊಟ ಮೊಸರನ್ನದಲ್ಲಿ ಮುಗಿಯುತ್ತೆ' ಎಂಬ ರೂಢಿಗೂ ವ್ಯತ್ಯಾಸವಿದೆ. ಮೊದಲನೆಯದು ವ್ಯಾಪಾರ, ಎರಡನೆಯದು ಮನೆಯ ಕ್ರಮ. ಕ್ರಮಕ್ಕೆ ಯಾರೂ ಯಾರನ್ನೂ ದಿನಾ ಒಪ್ಪಿಸಬೇಕಾಗಿಲ್ಲ, ಎಲ್ಲರ ತಟ್ಟೆಗೂ ಬೀಳುತ್ತದೆ. ಆಯ್ಕೆಯನ್ನೂ ಕೊಡಬಹುದು: ಹಾಲು ಬೇಡವೇ, ಮಜ್ಜಿಗೆಯೋ ಲಸ್ಸಿಯೋ? 'ಕುಡೀತೀಯಾ ಇಲ್ವಾ' ಎಂದು ಕೇಳಿದರೆ ಉತ್ತರ 'ಇಲ್ಲ' ಎಂದೇ ಬರುತ್ತದೆ. 'ಯಾವುದು' ಎಂದು ಕೇಳಿದರೆ ಒಂದು ಹೆಸರು ಬರುತ್ತದೆ.

ಇನ್ನೊಂದು ಮಾತು, ವಿಶೇಷವಾಗಿ ಹೆಣ್ಣುಮಕ್ಕಳ ಮನೆಯಲ್ಲಿ. "ನಾನು ದಪ್ಪ ಆಗ್ತಿದೀನಿ, ಮೊಸರು ತುಪ್ಪ ಬಿಟ್ಟಿದೀನಿ" ಎಂದು ದೊಡ್ಡವರು ಊಟದ ಹೊತ್ತಿಗೆ ಹೇಳುವುದನ್ನು ಪಕ್ಕದಲ್ಲಿ ಕೂತವಳು ಕೇಳಿಸಿಕೊಳ್ಳುತ್ತಾಳೆ. ಕೆನೆ ತೆಗೆದ ಹಾಲಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುವುದಿಲ್ಲ. ತೂಕದ ಚಿಂತೆ ಇದ್ದರೆ ಕೆನೆ ತೆಗೆಯಿರಿ, ಹಾಲನ್ನೇ ತೆಗೆಯಬೇಡಿ.

ಹಾಲು ಒಲ್ಲೆ ಎಂದರೆ ಮುಂದೇನು?

ಹಾಲೇ ಆಗಬೇಕೆಂದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುತ್ತೇವೆ, ಏಕೆಂದರೆ ಬಹಳಷ್ಟು ಮನೆಗಳ ಜಗಳ ಆ ಒಂದು ಲೋಟದ ಸುತ್ತಲೇ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಮಗು ಹೇಳಿದರೆ ಅದು ನೆಪವೇ ಆಗಿರಬೇಕಿಲ್ಲ. ಚಿಕ್ಕಂದಿನಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಜೀರ್ಣಿಸುತ್ತಿದ್ದ ಕಿಣ್ವ ಬೆಳೆದಂತೆ ಕಡಿಮೆಯಾಗುವುದು ಭಾರತದಲ್ಲಿ, ಅದರಲ್ಲೂ ದಕ್ಷಿಣದಲ್ಲಿ, ಸಾಮಾನ್ಯ. ಅಂಥ ಬಹುತೇಕರಿಗೂ ಊಟದ ಜೊತೆ ಒಂದು ಲೋಟದ ತನಕ ಹಾಲು ತೊಂದರೆ ಕೊಡುವುದಿಲ್ಲ. ಮೊಸರು, ಮಜ್ಜಿಗೆ ಇನ್ನೂ ಸುಲಭ, ಹೆಪ್ಪಿನ ಬ್ಯಾಕ್ಟೀರಿಯಾ ಒಂದಿಷ್ಟು ಲ್ಯಾಕ್ಟೋಸನ್ನು ಆಗಲೇ ತಿಂದು ಮುಗಿಸಿರುತ್ತದೆ.

ರಾಗಿ ನಮ್ಮ ಕೈಯಲ್ಲಿರುವ ದೊಡ್ಡ ಆಸರೆ. 100 ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ. ಮಧ್ಯಮ ಗಾತ್ರದ ಒಂದು ಮುದ್ದೆಗೆ 70 ಗ್ರಾಂ ಹಿಟ್ಟು ಹಿಡಿದರೆ ಸುಮಾರು 250. ಆದರೆ 'ಹಾಲಿಗಿಂತ ಹತ್ತು ಪಟ್ಟು' ಎಂಬ ಫಾರ್ವರ್ಡ್ ನಂಬಬೇಡಿ, ತೂಕಕ್ಕೆ ತೂಕ ಇಟ್ಟರೆ ಮೂರು ಪಟ್ಟು. ಅದೂ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಒಂದಿಷ್ಟು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿ ಹುರಿದು ಬೀಸಿದರೆ, ಅಂಬಲಿಗೆ ಹುಳಿ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯರು ಇದನ್ನು ಫೈಟೇಟ್ ಎಂಬ ಪದ ಗೊತ್ತಿಲ್ಲದೆಯೇ ಮಾಡುತ್ತಿದ್ದರು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1950ರ ದಶಕದಲ್ಲೇ ಮಕ್ಕಳ ಊಟದಲ್ಲಿ ಅಕ್ಕಿಯ ಬದಲು ರಾಗಿ ಕೊಟ್ಟು, ದೇಹದಲ್ಲಿ ಎಷ್ಟು ಕ್ಯಾಲ್ಸಿಯಂ ಉಳಿಯುತ್ತದೆ ಎಂದು ಅಳೆದಿದ್ದರು. ರಾಗಿಯ ಊಟದಲ್ಲಿ ಉಳಿಕೆ ಹೆಚ್ಚಿತ್ತು. ಹಳೇ ಮೈಸೂರು ಭಾಗದ ಪಡಿತರ ಅಂಗಡಿಯಲ್ಲಿ ರಾಗಿ ಸಿಗುತ್ತದೆ ಎನ್ನುವುದನ್ನೂ ನೆನಪಿಡಿ. ಹಾಲಿನ ಬೆಲೆ ಏರಿದಾಗ ಇದು ಸಣ್ಣ ಮಾತಲ್ಲ.

ಮುದ್ದೆ ಒಲ್ಲದ ಪೇಟೆಯ ಮಕ್ಕಳಿಗೆ ರಾಗಿ ದೋಸೆ, ರೊಟ್ಟಿ, ಹುರಿಹಿಟ್ಟು ಇವೆ. ಮುದ್ದೆ ಎಂದರೆ 'ಹಳ್ಳಿ ಊಟ' ಎಂಬ ಮಾತು ಮಕ್ಕಳಿಗೆ ಹುಟ್ಟಿನಿಂದ ಬಂದದ್ದಲ್ಲ. ನೆಂಟರು ಬಂದಾಗ ಮುದ್ದೆಯನ್ನು ಬಚ್ಚಿಟ್ಟು ಪೂರಿ ಕರಿಯುವ ನಮ್ಮಿಂದಲೇ ಕಲಿತದ್ದು.

ಉತ್ತರ ಕರ್ನಾಟಕದ ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ. ಆದರೆ ರೊಟ್ಟಿಯ ಪಕ್ಕದಲ್ಲಿ ಗಟ್ಟಿ ಮೊಸರು, ಗುರೆಳ್ಳು ಚಟ್ನಿಪುಡಿ, ಹಸಿ ಸೊಪ್ಪು ಇರುತ್ತವೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಎಳ್ಳಿನಲ್ಲಿ 100 ಗ್ರಾಮಿಗೆ ಸಾವಿರ ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ಯಾರೂ ನೂರು ಗ್ರಾಂ ಎಳ್ಳು ತಿನ್ನುವುದಿಲ್ಲ, ಆದರೆ ಒಂದು ದೊಡ್ಡ ಚಮಚ ಎಂದರೂ 100 ಮಿಲಿಗ್ರಾಂ ಬಂತು. ಎಳ್ಳು-ಬೆಲ್ಲ ವರ್ಷಕ್ಕೊಂದು ದಿನದ ತಿನಿಸು ಯಾಕಾಗಬೇಕು? ಕರಾವಳಿಯವರಿಗೆ ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಮೀನು. ಕ್ಯಾಲ್ಸಿಯಂ ಆ ಮುಳ್ಳಿನಲ್ಲೇ ಇರುವುದು, ದೊಡ್ಡ ಮೀನಿನ ಬರೀ ತಿರುಳಿನಲ್ಲಿ ಅಷ್ಟಿಲ್ಲ. ಮಲೆನಾಡಿನ ತಂಬುಳಿಯಂತೂ ಸೊಪ್ಪು ಮತ್ತು ಮಜ್ಜಿಗೆಯನ್ನು ಒಂದೇ ಬಟ್ಟಲಿಗೆ ಸೇರಿಸಿದ ಜಾಣ ಅಡುಗೆ.

ಸೊಪ್ಪಿನಲ್ಲಿ ಮಾತ್ರ ಜಾಗ್ರತೆಯಿಂದ ಆರಿಸಿ. ಪಾಲಕ್‌ನ ಹೆಸರು ದೊಡ್ಡದು, ಆದರೆ ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಬಿಡುವುದಿಲ್ಲ. 1988ರಲ್ಲಿ ಅಮೆರಿಕದ ಸಂಶೋಧಕರು ಅಳೆದಾಗ ಹಾಲಿನ ಕ್ಯಾಲ್ಸಿಯಮ್ಮಿನಲ್ಲಿ ಸುಮಾರು 27% ದೇಹಕ್ಕೆ ಸೇರಿದರೆ, ಪಾಲಕ್‌ನದು ಸೇರಿದ್ದು ಸುಮಾರು 5% ಮಾತ್ರ. ಕಬ್ಬಿಣ, ಇತರ ಪೋಷಕಾಂಶಕ್ಕಾಗಿ ಪಾಲಕ್ ತಿನ್ನಿ, ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ. ನುಗ್ಗೆಸೊಪ್ಪು 100 ಗ್ರಾಮಿಗೆ 300 ಮೀರುತ್ತದೆ. ಕರಿಬೇವು ಅದಕ್ಕೂ ಹೆಚ್ಚು, ಆದರೆ ಎಲ್ಲರೂ ಅದನ್ನು ತಟ್ಟೆಯ ಅಂಚಿಗೆ ಎತ್ತಿಡುತ್ತಾರೆ. ಒಣಗಿಸಿ ಚಟ್ನಿಪುಡಿ ಮಾಡಿದರೆ ಎತ್ತಿಡಲು ಆಗುವುದಿಲ್ಲ.

ಹನ್ನೆರಡರ ಮಗುವಿನ ಒಂದು ದಿನ ಹೀಗಿರಬಹುದು: ಒಂದು ಮುದ್ದೆ ಅಥವಾ ಅಷ್ಟೇ ಹಿಟ್ಟಿನ ರಾಗಿ ರೊಟ್ಟಿಗೆ 250, ದಿನವಿಡೀ ಸೇರಿ ಒಂದು ಲೋಟ ಹಾಲು (200 ಮಿಲಿ, ಯಾವುದರಲ್ಲಿ ಬೆರೆತರೂ ಸರಿ) 240, ಒಂದು ಬಟ್ಟಲು ಮೊಸರು 120, ಸುಮಾರು 50 ಗ್ರಾಂ ನುಗ್ಗೆಸೊಪ್ಪಿನ ಸಾರೋ ಪಲ್ಯವೋ 150ರ ಹತ್ತಿರ, ಒಂದು ಚಮಚ ಎಳ್ಳಿನ ಪುಡಿ 100. ಒಟ್ಟು 860. ಹಾಲನ್ನು ಲೋಟದಲ್ಲಿ ಕುಡಿಯಲೇಬೇಕಾದ ಪ್ರಸಂಗವೇ ಬರಲಿಲ್ಲ.

ಶಾಲೆಯಲ್ಲಿ ಕೊಡುತ್ತಾರಲ್ಲ?

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಯೋಜನೆ ಇದೆ. 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ಮಾಡಿದ 150 ಮಿಲಿ ಹಾಲು. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಅದೇ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡಲು ಶುರುವಾಯಿತು. ಒಳ್ಳೆಯ ಯೋಜನೆ. ಆದರೆ ಆ ಲೋಟದಲ್ಲಿರುವುದು 175 ಮಿಲಿಗ್ರಾಮಿನಷ್ಟು, ದಿನದ ಅಗತ್ಯದ ಐದನೇ ಒಂದು ಭಾಗ. 'ಸ್ಕೂಲಲ್ಲಿ ಕುಡಿದಿದ್ದಾನೆ, ಮನೇಲಿ ಬೇಡ' ಎಂದು ಮನೆಯ ಹಾಲು ನಿಲ್ಲಿಸಿದರೆ ಸರ್ಕಾರ ಕೂಡಿಸಿದ್ದನ್ನು ನಾವು ಕಳೆದಂತಾಯಿತು. ಖಾಸಗಿ ಶಾಲೆಯ ಮಕ್ಕಳಿಗೆ ಇದೂ ಇಲ್ಲ, ಅವರಿಗೆ ಡಬ್ಬಿಯೇ ಗತಿ. ಮೊಸರನ್ನ ಕಟ್ಟಿದರೆ ಗೆಳೆಯರು ನಗುತ್ತಾರೆ ಎಂದು ಮಗು ಹೇಳಿದರೆ ಅದನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಪನೀರ್ ಹಾಕಿದ ಚಪಾತಿ ರೋಲ್ ಕಟ್ಟಿ, ಮೊಸರನ್ನ ರಾತ್ರಿಗಿರಲಿ.

ಜೊತೆಗೆ ಬರುವ ಇತರ ಫಾರ್ವರ್ಡ್‌ಗಳು

ಮೊಟ್ಟೆ ತಿಂದರೆ ಕ್ಯಾಲ್ಸಿಯಂ ಸಿಗುತ್ತದೆ ಎನ್ನುವುದು ಅರ್ಧ ಸತ್ಯವೂ ಅಲ್ಲ. ಕ್ಯಾಲ್ಸಿಯಂ ಇರುವುದು ಓಡಿನಲ್ಲಿ. ಒಳಗಿನದ್ದು ಒಳ್ಳೆಯ ಪ್ರೋಟೀನ್, ಒಂದಿಷ್ಟು ವಿಟಮಿನ್ ಡಿ, ಅದಕ್ಕಾಗಿ ಧಾರಾಳವಾಗಿ ತಿನ್ನಿಸಿ.

ಕೋಲಾ ಮೂಳೆ ಕರಗಿಸುತ್ತದೆ ಎಂದು ಹಲ್ಲೊಂದನ್ನು ಬಾಟಲಿಯಲ್ಲಿ ಮುಳುಗಿಸಿದ ವಿಡಿಯೊ ಎಲ್ಲರಿಗೂ ಬಂದಿರುತ್ತದೆ. ನಮ್ಮ ಮೂಳೆ ಕೋಲಾದಲ್ಲಿ ಮುಳುಗಿರುವುದಿಲ್ಲ. ಹಲ್ಲಿಗೆ ಹಾನಿ ನಿಜ. ಮೂಳೆಗೆ ದೊಡ್ಡ ನಷ್ಟ ಬರುವುದು ಬೇರೆ ದಾರಿಯಿಂದ: ಆ ಲೋಟ ಹಾಲು-ಮಜ್ಜಿಗೆಯ ಜಾಗವನ್ನು ಕಿತ್ತುಕೊಳ್ಳುತ್ತದೆ.

ಕ್ಯಾಲ್ಸಿಯಂ ತಿಂದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂದು ಮಕ್ಕಳಿಗೆ ಹಾಲು ನಿಲ್ಲಿಸಿದವರಿದ್ದಾರೆ. 1993ರಲ್ಲಿ ಅಮೆರಿಕದಲ್ಲಿ ಸಾವಿರಾರು ಗಂಡಸರನ್ನು ಹಿಂಬಾಲಿಸಿದ ಅಧ್ಯಯನ ಇದಕ್ಕೆ ತದ್ವಿರುದ್ಧ ಹೇಳಿತು. ಊಟದಿಂದ ಹೆಚ್ಚು ಕ್ಯಾಲ್ಸಿಯಂ ಪಡೆದವರಲ್ಲಿ ಕಲ್ಲು ಕಡಿಮೆ. ಕರುಳಿನಲ್ಲೇ ಆಕ್ಸಲೇಟನ್ನು ಕ್ಯಾಲ್ಸಿಯಂ ಹಿಡಿದು ಹೊರಗೆ ಕಳಿಸುತ್ತದೆ ಎನ್ನುವುದು ವಿವರಣೆ. ಮಗುವಿಗೆ ಈಗಾಗಲೇ ಕಿಡ್ನಿ ತೊಂದರೆ ಇದ್ದರೆ ಮಾತು ಬೇರೆ, ವೈದ್ಯರನ್ನೇ ಕೇಳಬೇಕು.

ಪ್ಯಾಕೆಟ್ ಹಾಲಲ್ಲಿರುವ ಇಂಜೆಕ್ಷನ್‌ನಿಂದ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ ಎಂಬ ಹೆದರಿಕೆ ಅನೇಕ ಮನೆಗಳಲ್ಲಿ ಹುಡುಗಿಯರ ಹಾಲಿಗೇ ಕತ್ತರಿ ಹಾಕಿದೆ. ಹಸುವಿಗೆ ಆಕ್ಸಿಟೋಸಿನ್ ಚುಚ್ಚುವುದು ತಪ್ಪು, ಅದು ಹಸುವಿಗೆ ಹಿಂಸೆ. ಆದರೆ ಆಕ್ಸಿಟೋಸಿನ್ ಒಂದು ಪುಟ್ಟ ಪ್ರೋಟೀನಿನಂಥ ವಸ್ತು, ಬಾಯಿಯಿಂದ ಒಳಗೆ ಹೋದರೆ ಹೊಟ್ಟೆ-ಕರುಳಿನಲ್ಲಿ ಜೀರ್ಣವಾಗಿಬಿಡುತ್ತದೆ. ಮೈನೆರೆಯುವ ವಯಸ್ಸು ಹಿಂದೆ ಸರಿಯುತ್ತಿರುವುದರ ಜೊತೆ ಗಟ್ಟಿಯಾಗಿ ತಳುಕು ಹಾಕಿಕೊಂಡಿರುವುದು ಒಟ್ಟಾರೆ ಪೋಷಣೆ ಮತ್ತು ದೇಹದ ಕೊಬ್ಬು.

ಹಾಲಿಗೆ ಹಾಕುವ ಪುಡಿಗಳ ಬಗ್ಗೆ ಕೇಳುತ್ತೀರಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಬೋರ್ನ್‌ವಿಟಾ ಸೇರಿದಂತೆ ಇಂಥ ಪೇಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯಲು ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಅಂಥದ್ದೊಂದು ವರ್ಗವೇ ಇಲ್ಲ. ಪುಡಿ ಹಾಕಿದರೆ ಮಾತ್ರ ಹಾಲು ಕುಡಿಯುತ್ತಾನೆ ಎಂದಾದರೆ ಒಂದು ಚಮಚ ಹಾಕಿ, ಆದರೆ ಸಕ್ಕರೆ ಎಷ್ಟಿದೆ ಎಂದು ಡಬ್ಬಿಯ ಹಿಂಭಾಗ ಓದಿ. ಎತ್ತರವನ್ನು ಯಾವ ಪುಡಿಯೂ ಕೊಡುವುದಿಲ್ಲ, ಅದು ಮುಖ್ಯವಾಗಿ ಅಪ್ಪ-ಅಮ್ಮನಿಂದ ಬಂದದ್ದು.

ಹಾಗಾದರೆ ಮಾತ್ರೆ? ಆರೋಗ್ಯವಂತ ಮಕ್ಕಳ ಮೇಲೆ ನಡೆದ 19 ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಹೆಚ್ಚುವರಿ ಕ್ಯಾಲ್ಸಿಯಮ್ಮಿನಿಂದ ಸೊಂಟ, ಬೆನ್ನಿನ ಮೂಳೆಗೆ ಲಾಭ ಕಾಣಲಿಲ್ಲ, ತೋಳಿನ ಮೂಳೆಯಲ್ಲಿ ಅಲ್ಪ ವ್ಯತ್ಯಾಸ ಅಷ್ಟೇ. ಕೊರತೆ ಇದೆ ಎಂದು ವೈದ್ಯರು ಪರೀಕ್ಷಿಸಿ ಹೇಳಿದರೆ ಮಾತ್ರೆ ಬೇಕು. ಪಕ್ಕದ ಮನೆಯವರು ಹೇಳಿದರೆ ಬೇಡ. ಕಾಲು ಬಾಗುತ್ತಿದೆ, ಪದೇ ಪದೇ ಮೂಳೆ ಮುರಿಯುತ್ತಿದೆ, ಮೆಟ್ಟಿಲು ಹತ್ತಲು ಕಾಲು ನೋವು ಎನ್ನುತ್ತಾರೆ ಎಂದರೆ ತಡಮಾಡಬೇಡಿ.

ಬಿಸಿಲನ್ನೂ ಮರೆಯುವ ಹಾಗಿಲ್ಲ. ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ದಾಟಲು ವಿಟಮಿನ್ ಡಿ ಬೇಕು. 2016-18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ ದೇಶದ 10ರಿಂದ 19 ವರ್ಷದವರ ಪೈಕಿ 24% ಮಂದಿಗೆ ವಿಟಮಿನ್ ಡಿ ಕೊರತೆ ಕಂಡಿತ್ತು. ಓಡಿ, ಜಿಗಿದು ಆಡುವ ಆಟ ಮೂಳೆಗೂ ಒಳ್ಳೆಯದು. 'ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ' ಎಂದು ನಾವು ಯಾರಿಗೆ ಹೆಚ್ಚು ಹೇಳುತ್ತೇವೆ ಎಂದು ಒಮ್ಮೆ ಯೋಚಿಸಿ. ಮಗನಿಗಲ್ಲ.

ಆ ತಾಯಿಗೆ ನಾವು ಇದನ್ನೆಲ್ಲ ಬರೆಯಲಿಲ್ಲ. ಸುಣ್ಣ ಬೇಡ ಎಂದೆವು, ಹಾಲಿನ ಮಾತನ್ನು ಎರಡು ವಾರ ಎತ್ತಲೇಬೇಡಿ ಎಂದೆವು, ಮಗಳು ಏನೇನು ತಿನ್ನುತ್ತಾಳೆ ಎಂದು ಒಂದು ವಾರ ಬರೆದಿಡಿ, ರಾತ್ರಿ ಜೊತೆಯಲ್ಲೇ ಕೂತು ನೀವೂ ಮೊಸರು ಹಾಕಿಕೊಳ್ಳಿ ಎಂದು ಕೇಳಿಕೊಂಡೆವು. ಹತ್ತು ದಿನದ ಮೇಲೆ ನೋಟ್‌ಬುಕ್ ಹಾಳೆಯ ಫೋಟೊ ಬಂತು. ಮಜ್ಜಿಗೆಹುಳಿ ಮೂರು ಸಲ, ರಾಗಿ ದೋಸೆ ಎರಡು ಸಲ, ರಾತ್ರಿ ಮೊಸರನ್ನ ಆರು ದಿನ. ಕೆಳಗೆ ಒಂದು ಸಾಲು: "ಇದನ್ನೆಲ್ಲ ಮೊದಲೂ ತಿಂತಿದ್ಳು ಮೇಡಂ, ನಾನು ಲೋಟ ಮಾತ್ರ ಲೆಕ್ಕ ಇಡ್ತಿದ್ದೆ. ನನ್ನ ಮೊಸರು ಮಾತ್ರ ಹೊಸದು."